ಗುರುವಾರದ ಅವಿವಾಹಿತ

ಗುರುವಾರ, ಏಪ್ರಿಲ್ 24. ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷ. ಜಗಳೂರಿನ ಒಂದು ಬಾಡಿಗೆ ಕಟ್ಟಡದ ಮೊದಲ ಮಹಡಿಯಲ್ಲಿ ಕೂತಿದ್ದ ಸಂಧ್ಯಾರಾಣಿ, ತನ್ನ ಗಂಡನಿಗೆ ಹೆಣ್ಣು ಗೊತ್ತು ಮಾಡುವ ಮಾತು ಕೇಳಿಸಿಕೊಂಡಳು.

ಅವಳ ಕೈಯಲ್ಲಿ ಹದಿನೇಳನೇ ನಂಬರಿನ ಟೋಕನ್ ಇತ್ತು. ಸೆರಗನ್ನು ತಲೆಯ ಮೇಲೆ ಹೊದ್ದು, ಮುಖಕ್ಕೆ ಮಾಸ್ಕ್ ಹಾಕಿಕೊಂಡಿದ್ದಳು. ಅಲ್ಲಿ ಕೂತಿದ್ದ ಹೆಂಗಸರಲ್ಲಿ ಅರ್ಧ ಜನ ಹಾಗೆಯೇ ಕೂತಿದ್ದರು.

"ಮೂವತ್ತೆರಡಾತಲ್ಲಣ್ಣ, ಇನ್ನೂ ಒಬ್ಬರೇ ಓಡಾಡ್ತೀರಲ್ಲ," ಎನ್ನುತ್ತಿದ್ದಳು ಕಿಟಕಿಯ ಆಚೆ ಮಾತ್ರೆ ಎಣಿಸುತ್ತಿದ್ದ ನರ್ಸ್ ಕರಿಬಸಮ್ಮ. "ನಮ್ಮ ದೊಡ್ಡಪ್ಪನ ಮಗಳು ಅದಾಳೆ, ಡಿಗ್ರಿ ಆಗೈತೆ. ನೀವು ಹೂಂ ಅಂದ್ರೆ ನಿಮ್ಮ ಅಮ್ಮನ ಹತ್ರ ನಾನೇ ಮಾತಾಡ್ತೀನಿ. ಆರು ವರ್ಷದಿಂದ ನೋಡ್ತಿದೀನಿ, ನಿಮ್ಮ ಗುಣ ನಂಗೊತ್ತಿಲ್ವಾ?"

ಕಿಟಕಿಯ ಮುಂದಿದ್ದ ಗಂಡಸು ನಕ್ಕ.

ಆ ನಗುವನ್ನು ಸಂಧ್ಯಾ ಮೂರು ವರ್ಷದಿಂದ ದಿನವೂ ಕೇಳುತ್ತಿದ್ದಳು.

"ಮದುವೆ ಈಗಲೇ ಬೇಡ ಬಿಡ್ರಿ ಸಿಸ್ಟರ್," ಎಂದ ವಿನಯ್ ಕುಮಾರ್. ಮಾತ್ರೆಯ ಪೊಟ್ಟಣವನ್ನು ಅಂಗಿಯ ಜೇಬಿಗಿಟ್ಟುಕೊಂಡು ತಿರುಗಿದ.

ಅವಳು ಮಾಸ್ಕ್ ಕೆಳಗಿಳಿಸಿದಳು.

ಅವನು ಜೇಬಿನ ಮೇಲೆ ಕೈ ಇಟ್ಟುಕೊಂಡ. "ಸಂಧ್ಯಾ... ನೀನು ಇಲ್ಲಿ?"

ಅವಳು ಉತ್ತರ ಕೊಡುವ ಮೊದಲೇ ಒಳಗಿನಿಂದ ಹದಿನೇಳು ಎಂದು ಕೂಗಿದರು. ಅವಳು ಎದ್ದಳು. ಅವನನ್ನು ಬಳಸಿಕೊಂಡು, ಬಸ್ ನಿಲ್ದಾಣದಲ್ಲಿ ಅಪರಿಚಿತರನ್ನು ದಾಟಿ ಹೋಗುವ ಹಾಗೆ ಒಳಗೆ ಹೋದಳು.

ಅದು ಒಂದು ಟ್ರಸ್ಟಿನ ಮಾನಸಿಕ ಆರೋಗ್ಯ ಕೇಂದ್ರ. ಒಬ್ಬ ಮನೋವೈದ್ಯರು, ಸಮಾಲೋಚಕಿ ಮಸರತ್, ನರ್ಸ್ ಕರಿಬಸಮ್ಮ, ಒಂದು ವ್ಯಾನು. ಸೋಮವಾರ ಚನ್ನಗಿರಿ, ಮಂಗಳವಾರ ಹೊನ್ನಾಳಿ, ಬುಧವಾರ ನ್ಯಾಮತಿ, ಗುರುವಾರ ಜಗಳೂರು. ಜನರ ಅನುಕೂಲಕ್ಕೆ ಅವರವರ ಊರಿಗೇ ಹೋಗಬೇಕೆಂಬುದು ಟ್ರಸ್ಟಿನ ಲೆಕ್ಕ. ಜನರ ಲೆಕ್ಕ ಬೇರೆ ಇತ್ತು. ಚನ್ನಗಿರಿಯವರು ಜಗಳೂರಿಗೆ ಬರುತ್ತಿದ್ದರು, ಜಗಳೂರಿನವರು ನ್ಯಾಮತಿಗೆ ಹೋಗುತ್ತಿದ್ದರು. ತಮ್ಮೂರಲ್ಲಿ ಆ ಮೆಟ್ಟಿಲು ಹತ್ತುವುದನ್ನು ಯಾರೂ ನೋಡಬಾರದು, ಅಷ್ಟೇ. ಊರು ಯಾವುದೆಂದು ಕೇಳಿದರೆ ಬಾಯಿಗೆ ಬಂದದ್ದನ್ನು ಹೇಳುತ್ತಿದ್ದರು. ಸಿಬ್ಬಂದಿ ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದರು.

ಸಂಧ್ಯಾ ಗಣಿತದ ಶಿಕ್ಷಕಿಯಾಗಿದ್ದವಳು. ಅವಳೂ ಲೆಕ್ಕ ಹಾಕಿಯೇ ಬಂದಿದ್ದಳು. ಚನ್ನಗಿರಿ ಗಂಡನ ಊರು. ಹೊನ್ನಾಳಿ ತವರು. ನ್ಯಾಮತಿ ಅತ್ತೆಯ ತವರು. ಉಳಿದದ್ದು ಜಗಳೂರು. ಬಿ.ಇಡಿ. ಅಂಕಪಟ್ಟಿ ತರಲು ದಾವಣಗೆರೆಗೆ ಹೋಗುತ್ತೇನೆಂದು ಮನೆಯಲ್ಲಿ ಹೇಳಿ ಬಸ್ಸು ಹತ್ತಿದ್ದಳು. ಸ್ಪ್ರಿಂಕ್ಲರ್ ಮತ್ತು ಪೈಪಿನ ಅಂಗಡಿ ಇಟ್ಟಿದ್ದ ವಿನಯ್, ಸರಕು ತರಲು ದಾವಣಗೆರೆಗೆಂದು ಅದಕ್ಕಿಂತ ಮುಂಚಿನ ಬಸ್ಸಿಗೆ ಹೋಗಿದ್ದ. ತಿಂಗಳಿಗೊಂದು ಗುರುವಾರ ಅವನು ಹಾಗೆ ಹೋಗುತ್ತಿದ್ದ. ಅವಳೇ ಡಬ್ಬಿಗೆ ಚಪಾತಿ ಹಾಕಿ ಕೊಡುತ್ತಿದ್ದಳು.

ಆರು ವರ್ಷ, ಎಂದಿದ್ದಳು ಕರಿಬಸಮ್ಮ. ಮದುವೆಯಾಗಿ ಮೂರು. ಅಂದರೆ ಮದುವೆಗೆ ಮೂರು ವರ್ಷ ಮೊದಲೇ...

ಮತ್ತೆ ಇಲ್ಲಿ ಅವನು ಮದುವೆಯೇ ಆಗದವನು!

"ಮನೆಯಿಂದ ಯಾರು ಬಂದಿದಾರಮ್ಮಾ ಜೊತೆಗೆ?" ಮಸರತ್ ಕೇಳಿದರು. ನಲವತ್ತು ದಾಟಿದ, ನಿಧಾನವಾಗಿ ಮಾತಾಡುವ ಹೆಂಗಸು.

"ಹೊರಗೆ ನನ್ನ ಗಂಡ ಅದಾರೆ ಮೇಡಂ," ಎಂದಳು ಸಂಧ್ಯಾ. "ಆದ್ರೆ ನಾನು ಅವರನ್ನ ಕರ್ಕೊಂಡು ಬಂದಿಲ್ಲ. ಅವರೂ ನನ್ನ ಕರ್ಕೊಂಡು ಬಂದಿಲ್ಲ."

ಮಸರತ್ ಪೆನ್ನು ಕೆಳಗಿಟ್ಟರು.

ಬೇರೆಯವರ ವಿಷಯ ತಾನು ಹೇಳುವಂತಿಲ್ಲ, ಅವಳ ವಿಷಯ ಕೇಳಬಲ್ಲೆ ಎಂದರು. ಸಂಧ್ಯಾ ಹೇಳಿದಳು. ಕಳೆದ ವರ್ಷ ಮಾರ್ಚಿನಲ್ಲಿ ಐದು ತಿಂಗಳ ಮಗು ಹೊಟ್ಟೆಯಲ್ಲೇ ಹೋದದ್ದು. ಆಮೇಲೆ ನಿದ್ದೆ ಬಾರದಾದದ್ದು. ತರಗತಿಯಲ್ಲಿ ಬೋರ್ಡಿನ ಮುಂದೆ ನಿಂತು, ಬರೆಯುತ್ತಿದ್ದ ಲೆಕ್ಕ ಯಾವುದೆಂದೇ ಗೊತ್ತಾಗದೆ ಸೀಮೆಸುಣ್ಣ ಹಿಡಿದು ನಿಂತುಬಿಟ್ಟದ್ದು. ಕೆಲಸ ಬಿಟ್ಟದ್ದು. ಡಾಕ್ಟರರು ಅವಳಿಗೆ ಹದಿನೈದು ದಿನದ ಮಾತ್ರೆ ಬರೆದರು.

ಒಂದು ವಿಷಯ ಮಾತ್ರ ಅವಳು ಅಲ್ಲಿ ಹೇಳಲಿಲ್ಲ. ಕಳೆದ ಮೇ ತಿಂಗಳಲ್ಲಿ ಅವಳು ವಿನಯನ ಕೈ ಹಿಡಿದು, ಯಾರಾದರೂ ಮನಸ್ಸಿನ ಡಾಕ್ಟರರಿಗೆ ತೋರಿಸೋಣ ಎಂದು ಬೇಡಿಕೊಂಡಿದ್ದಳು. ಅವನು ಬೇಡವೆಂದಿದ್ದ. ಅಂಥ ಕಡೆ ಹೋದರೆ ಜನ ಹುಚ್ಚಿ ಅಂತಾರೆ, ದಿನ ಕಳೆದ ಹಾಗೆ ತಾನೇ ಸರಿಹೋಗುತ್ತದೆ ಎಂದಿದ್ದ.

ಹಾಗೆಂದವನ ಜೇಬಿನಲ್ಲಿ ಆಗಲೂ ಇದೇ ಕಿಟಕಿಯ ಮಾತ್ರೆ ಇತ್ತು!

*

ದಾವಣಗೆರೆ ಬಸ್ಸಿನಲ್ಲಿ ಇಬ್ಬರೂ ಒಂದೇ ಸೀಟಿನಲ್ಲಿ ಕೂತರು. ಬೇರೆ ಸೀಟು ಖಾಲಿ ಇರಲಿಲ್ಲ.

ಅವಳು ಕಿಟಕಿಯ ಆಚೆ ನೋಡುತ್ತ, ಇನ್ನೊಬ್ಬಳು ಯಾರಾದರೂ ಇದ್ದಾಳಾ ಎಂದು ಕೇಳಿದಳು. ಅವನು ಬೆಚ್ಚಿ ಬಿದ್ದ. ಇಲ್ಲ, ದೇವರಾಣೆ ಇಲ್ಲ ಎಂದ. ಆಮೇಲೆ ನಿಧಾನಕ್ಕೆ ಎಲ್ಲವನ್ನೂ ಹೇಳಿದ.

ಇಪ್ಪತ್ತಾರನೇ ವಯಸ್ಸಿನಲ್ಲಿ ಶುರುವಾಗಿತ್ತು. ಅಂಗಡಿಯಲ್ಲಿ ಗಿರಾಕಿಯ ಜೊತೆ ಮಾತಾಡುತ್ತಿದ್ದಾಗಲೇ ಎದೆ ಹೊಡೆದುಕೊಳ್ಳುವುದು, ಉಸಿರು ಕಟ್ಟುವುದು. ಆಮೇಲೆ ವಾರಗಟ್ಟಲೆ ಹಾಸಿಗೆ ಬಿಟ್ಟು ಏಳಲಾಗದ ಸ್ಥಿತಿ. ತಾಯಿ ಕಸ್ತೂರಮ್ಮನೇ ಜಗಳೂರಿಗೆ ಕರೆತಂದಿದ್ದರು. ಮದುವೆ ಗೊತ್ತಾದಾಗ, ಹೆಣ್ಣಿನ ಕಡೆಯವರಿಗೆ ಹೇಳಬೇಡ ಎಂದು ಆಣೆ ಹಾಕಿಸಿಕೊಂಡಿದ್ದರು. ಕೇಂದ್ರದಲ್ಲಿ ಒಂದು ನಿಯಮವಿತ್ತು. ಮದುವೆಯಾದವರ ಚಿಕಿತ್ಸೆಯಲ್ಲಿ ಗಂಡ ಅಥವಾ ಹೆಂಡತಿ ಒಮ್ಮೆಯಾದರೂ ಬಂದು ಕೂರಬೇಕು. ಹಾಗಾಗಿ ಅಲ್ಲಿ ಮದುವೆಯ ಸುದ್ದಿಯನ್ನೇ ಅವನು ಎತ್ತಿರಲಿಲ್ಲ. 2019ರಲ್ಲಿ ಬರೆದ 'ಅವಿವಾಹಿತ' ಹಾಗೇ ಉಳಿದಿತ್ತು.

"ಅದನ್ನೆಲ್ಲ ಮುಚ್ಚಿಟ್ರಿ, ಸರಿ," ಎಂದಳು ಸಂಧ್ಯಾ. "ಹೆದರಿಕೆ ಇರ್ತೈತೆ. ನಾನೂ ಇವತ್ತು ಸುಳ್ಳು ಹೇಳೇ ಬಂದೆ. ಆದ್ರೆ ನನಗ್ಯಾಕೆ ಬೇಡ ಅಂದ್ರಿ?"

ಅವನು ತಲೆ ತಗ್ಗಿಸಿದ.

"ಮಾತ್ರೆ ತಗೊಂಡ್ರೆ ನಿದ್ದೆ ಬರ್ತೈತೆ ಅಂತ ನಿಮಗೆ ಗೊತ್ತಿತ್ತು. ನಾನು ಗೋಡೆ ನೋಡ್ತಾ ಕೂತಿರ್ತಿದ್ದೆ. ಪಕ್ಕದಲ್ಲೇ ಇದ್ರಿ. ಹೇಳ್ರಿ..."

ದಾವಣಗೆರೆ ಬರುವವರೆಗೂ ಅವನು ಬಾಯಿ ಬಿಡಲಿಲ್ಲ. ನಿಲ್ದಾಣದಲ್ಲಿ ಇಳಿದವನು ಚನ್ನಗಿರಿ ಬಸ್ಸಿನ ಕಡೆ ನಡೆದ. ತಿರುಗಿ ನೋಡಿದಾಗ ಅವಳು ಹಿಂದೆ ಇರಲಿಲ್ಲ.

ಅವಳು ಹೊನ್ನಾಳಿ ಬಸ್ಸು ಹತ್ತಿದ್ದಳು.

*

ಅವಳ ತಂದೆ ಬೆನಕಪ್ಪ ನಿವೃತ್ತ ಸರ್ವೆಯರ್. ಹೆಂಡತಿ ತೀರಿಕೊಂಡ ಮೇಲೆ ಅಡುಗೆಯನ್ನೂ ಅಳತೆ ಹಿಡಿದೇ ಮಾಡುತ್ತಿದ್ದ ಮನುಷ್ಯ. ಮಗಳು ಹೇಳಿದ್ದನ್ನೆಲ್ಲ ಪೂರ್ತಿ ಕೇಳಿದರು.

"ಜಾತಕ ನೋಡಿದ್ವಿ. ಪಹಣಿ ನೋಡಿದ್ವಿ. ಅಂಗಡಿ ಲೈಸೆನ್ಸೂ ನೋಡಿದ್ದೆ ನಾನು," ಎಂದರು ಕೊನೆಗೆ. "ಡಾಕ್ಟರ್ ಚೀಟಿ ಕೇಳಬೇಕು ಅಂತ ಹೊಳೀಲಿಲ್ಲ ನೋಡು."

ಎರಡೂ ಕಡೆಯ ಹಿರಿಯರನ್ನು ಕೂರಿಸಿ ನ್ಯಾಯ ಕೇಳೋಣ ಎಂಬುದು ಅವರ ಮಾತು. ಸಂಧ್ಯಾ ಒಪ್ಪಲಿಲ್ಲ. ಹತ್ತು ಜನ ಹಿರಿಯರ ಮುಂದೆ ತನ್ನ ಮಗುವಿನ ವಿಷಯವೂ ಬರುತ್ತದೆ, ಅದನ್ನು ಅವರ ಬಾಯಿಗೆ ಹಾಕಲಾರೆ ಎಂದಳು. ಮಾತಾಡುವುದಿದ್ದರೆ ಮಂಗಳವಾರ ಹೊನ್ನಾಳಿಗೇ ಬರುವ ಆ ಮೇಡಂ ಎದುರು ಮಾತಾಡುತ್ತೇನೆ. ಆಮೇಲೆ ಇರಬೇಕೋ ಬಿಡಬೇಕೋ ತಾನೇ ನಿರ್ಧಾರ ಮಾಡುತ್ತೇನೆ ಎಂದಳು.

ಶುಕ್ರವಾರ ಕಸ್ತೂರಮ್ಮ ಫೋನ್ ಮಾಡಿದರು. ಮೊದಲು ಅತ್ತರು. ಆಮೇಲೆ ಧ್ವನಿ ಬದಲಾಯಿತು.

"ನೀನೂ ಕದ್ದೇ ಹೋಗಿದ್ದೆ ಅಲ್ವೇನವ್ವಾ? ನನ್ನ ಮಗ ಒಬ್ಬನೇ ಕಳ್ಳ ಹೆಂಗಾಗ್ತಾನೆ?"

"ಹೌದು ಅತ್ತೆ, ಕದ್ದೇ ಹೋಗಿದ್ದೆ," ಎಂದಳು ಸಂಧ್ಯಾ. "ಆದ್ರೆ ನಾನು ಯಾರ ಔಷಧಿನೂ ತಪ್ಪಿಸಿಲ್ಲ."



ಫೋನ್ ಇಟ್ಟ ಮೇಲೆ ಅವಳಿಗೆ ಬೇರೆ ಏನೋ ನೆನಪಾಯಿತು. ಮಗು ಹೋದ ಮೇಲೆ ಬಹುಕಾಲ ವಿನಯ್ ಸಂಜೆ ಆರಕ್ಕೇ ಅಂಗಡಿಯ ಷಟರ್ ಎಳೆದು ಬರುತ್ತಿದ್ದ. ಅವಳನ್ನು ಎಬ್ಬಿಸಿ, ಚಪ್ಪಲಿ ತಂದು ಕಾಲ ಬಳಿ ಇಟ್ಟು, ಕೋಟೆ ಗುಡ್ಡದ ಮೆಟ್ಟಿಲವರೆಗೆ ನಡೆಸಿಕೊಂಡು ಹೋಗುತ್ತಿದ್ದ. ಮಾತೇ ಇಲ್ಲದ ನಡಿಗೆ. ಆ ವರ್ಷದಲ್ಲಿ ಅವಳು ಜೀವಂತ ಉಳಿದದ್ದಕ್ಕೆ ಅದೇ ಕಾರಣ ಎಂದು ಎಷ್ಟೋ ಸಲ ಅಂದುಕೊಂಡಿದ್ದಳು. ನನ್ನ ಗಂಡನಿಗೆ ಮಾತು ಬರುವುದಿಲ್ಲ, ಪ್ರೀತಿ ಬರುತ್ತದೆ...

ಈಗ ಆ ನಡಿಗೆಯೂ ಅವಳ ಕೈ ಬಿಟ್ಟಿತು. ಅದೂ ಈ ಕೇಂದ್ರದಲ್ಲಿ ಹೇಳಿಕೊಟ್ಟದ್ದೇ ಇರಬೇಕು. ದಿನಕ್ಕೆ ಅರ್ಧ ಗಂಟೆ ನಡೆಸಿ ಎಂದು ಬರೆದುಕೊಟ್ಟಿರಬೇಕು. ಅವನು ಚೀಟಿಯಂತೆ ನಡೆಸಿದ್ದ. ಅವಳು ಅದನ್ನು ಪ್ರೀತಿ ಎಂದುಕೊಂಡಿದ್ದಳು.

ಮೋಸ ಹೋದದ್ದು ಎಲ್ಲಿಂದ ಎಲ್ಲಿಯವರೆಗೆ ಎಂಬುದರ ಅಳತೆಯೇ ಅವಳಿಗೆ ಸಿಗಲಿಲ್ಲ.

*

ಮಂಗಳವಾರ ಹೊನ್ನಾಳಿಯ ಕೇಂದ್ರದಲ್ಲಿ ನಾಲ್ಕು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಸಂಧ್ಯಾ, ವಿನಯ್, ಕಸ್ತೂರಮ್ಮ, ಮಸರತ್. ಬೆನಕಪ್ಪ ಒಳಗೆ ಬರಲೊಪ್ಪದೆ ಹೊರಗಿನ ಬೆಂಚಿನಲ್ಲಿ ಕೂತರು.

ಮಸರತ್ ಒಂದೇ ಕಟ್ಟಳೆ ಹೇಳಿದರು. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ, ಒಬ್ಬೊಬ್ಬರಿಗೆ ಹತ್ತು ನಿಮಿಷ. ಕಸ್ತೂರಮ್ಮ ಮೊದಲ ನಿಮಿಷದಲ್ಲೇ ಅದನ್ನು ಮುರಿದರು. ಮಸರತ್ ಅವರ ಕೈಗೆ ನೀರಿನ ಲೋಟ ಕೊಟ್ಟು, ನಿಮ್ಮ ಸರದಿ ಬರೋವರೆಗೂ ಇದನ್ನ ಹಿಡ್ಕೊಂಡಿರಿ ಅಮ್ಮಾ, ಚೆಲ್ಲಬೇಡಿ ಎಂದರು.

ವಿನಯ್ ಶುರುಮಾಡಿದ. ಬಸ್ಸಿನಲ್ಲಿ ಹೇಳದೇ ಉಳಿಸಿದ್ದನ್ನು ಹೇಳಿದ.

"ಅವಳನ್ನ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ರೆ ಗಂಡನ ಬಗ್ಗೆ ಕೇಳ್ತಿದ್ರು. ಎಲ್ಲೋ ಒಂದು ಕಡೆ ನನ್ನ ಫೈಲು ಹೊರಗೆ ಬರ್ತಿತ್ತು. ನಂಗೆ ಅದೇ ಭಯ. ಅವಳಿಗೆ ಗೊತ್ತಾದ್ರೆ ಬಿಟ್ಟು ಹೋಗ್ತಾಳೆ ಅಂತ... ಅದಕ್ಕೆ ಅವಳು ಅತ್ತರೂ ಸುಮ್ಮನಿದ್ದೆ. ನನ್ನ ಗುಟ್ಟು ಉಳಿಸ್ಕೊಳ್ಳಾಕೆ ಅವಳನ್ನ ಸುಡಾಕೆ ಬಿಟ್ಟೆ. ಇದಕ್ಕೆ ಬೇರೆ ಹೆಸರಿಲ್ಲ ಮೇಡಂ."

 ಕಸ್ತೂರಮ್ಮ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಹನ್ನೊಂದು ತಿಂಗಳು," ಎಂದಳು ಸಂಧ್ಯಾ. ಆಮೇಲೆ ಮಸರತ್ ಕಡೆ ತಿರುಗಿ, ಆ ಸಂಜೆಯ ನಡಿಗೆ ನೀವು ಹೇಳಿಕೊಟ್ಟದ್ದಾ ಎಂದು ಕೇಳಿದಳು.

ಮಸರತ್ ವಿನಯನನ್ನು ನೋಡಿದರು. ಹೇಳಲು ಒಪ್ಪಿಗೆಯಿದೆಯಾ ಎಂದರು. ಅವನು ತಲೆಯಾಡಿಸಿದ.

"ಕಳೆದ ವರ್ಷ ಇವರು ಮೂರು ಸಲ ನನ್ನ ಹತ್ರ ಒಬ್ಬ ಸ್ನೇಹಿತನ ಹೆಂಡತಿ ಬಗ್ಗೆ ಕೇಳಿದ್ರು," ಎಂದರು ಮಸರತ್. "ಮಗು ಹೋಗಿದೆ, ನಿದ್ದೆ ಇಲ್ಲ, ಏನು ಮಾಡ್ಬೇಕು ಅಂತ. ಮೂರು ಸಲವೂ ನಾನು ಹೇಳಿದ್ದು ಒಂದೇ. ಕರ್ಕೊಂಡು ಬನ್ನಿ, ತಡ ಮಾಡ್ಬೇಡಿ. ನಡಿಗೆ ಬಗ್ಗೆ ನಾನು ಏನೂ ಹೇಳಿಲ್ಲಮ್ಮಾ."

ಸಂಧ್ಯಾಗೆ ಆ ಮಾತನ್ನು ಒಳಗೆ ಇಳಿಸಿಕೊಳ್ಳಲು ಹೊತ್ತು ಬೇಕಾಯಿತು. ಮೂರು ಸಲ ಹೇಳಿಸಿಕೊಂಡು ಮೂರು ಸಲವೂ ಬರಿಗೈಯಲ್ಲಿ ಮನೆಗೆ ಬಂದಿದ್ದ. ಅದನ್ನು ಕ್ಷಮಿಸುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ.

ಆದರೆ ಆ ಸಂಜೆಗಳು ಅವನವೇ ಆಗಿದ್ದವು.

ಒಬ್ಬನೇ ಮನುಷ್ಯ ಎರಡನ್ನೂ ಮಾಡಿದ್ದ.

ಲೋಟವನ್ನು ಮೇಜಿನ ಮೇಲಿಟ್ಟು ಕಸ್ತೂರಮ್ಮ, ಮುಚ್ಚಿಡು ಅಂದದ್ದು ತಾನು, ಬೈಯುವುದಿದ್ದರೆ ತನಗೆ ಬೈಯಲಿ ಎಂದರು. ತನ್ನ ಅಕ್ಕನೊಬ್ಬಳನ್ನು ಇಂಥದೇ ಕಾಯಿಲೆಗೆ ನ್ಯಾಮತಿಯ ಮನೆಯ ಹಿಂದಿನ ಕೋಣೆಯಲ್ಲಿ ಹದಿನಾಲ್ಕು ವರ್ಷ ಕೂಡಿಹಾಕಿದ್ದರೆಂದೂ, ಅದನ್ನು ನೋಡಿದ ಮೇಲೆ ಮಗನ ವಿಷಯ ಹೇಳಲು ಬಾಯಿ ಬರಲಿಲ್ಲವೆಂದೂ ಹೇಳಿದರು. ಆ ಅಕ್ಕನ ಸುದ್ದಿಯನ್ನು ವಿನಯನೂ ಮೊದಲ ಸಲ ಕೇಳುತ್ತಿದ್ದ.

ಹೊರಡುವಾಗ ವಿನಯ್ ಮೆಟ್ಟಿಲ ಬಳಿ ನಿಂತು, ಏನು ಮಾಡಲಿ ಎಂದು ಅವಳನ್ನು ಕೇಳಿದ. ತನ್ನನ್ನು ಕೇಳಬೇಡಿ ಎಂದಳು ಅವಳು.

"ನಾನು ಹೇಳಿ ನೀವು ಮಾಡಿದ್ರೆ ಅದು ಇನ್ನೊಂದು ಚೀಟಿ ಆಗ್ತೈತೆ ಅಷ್ಟೇ. ಬರ್ತೀನೋ ಇಲ್ವೋ, ಈಗ ಹೇಳಾಕೆ ಆಗಲ್ಲ."

ಅವನು ಹೊರಗೆ ಬೆನಕಪ್ಪನ ಪಕ್ಕ ಹೋಗಿ ಕೂತ. ತನ್ನ ಕಾಯಿಲೆ ಏನು, ಎಂದಿನಿಂದ, ಯಾವ ಮಾತ್ರೆ ಎಂಬುದನ್ನೆಲ್ಲ ತಾನಾಗಿ ಹೇಳಿದ. ಬೆನಕಪ್ಪ ಹೂಂ ಎನ್ನಲೂ ಇಲ್ಲ, ಎದ್ದು ಹೋಗಲೂ ಇಲ್ಲ. ಕೊನೆಯಲ್ಲಿ, ಬಸ್ಸಿಗೆ ಹೊತ್ತಾಯ್ತು ಎಂದಷ್ಟೇ ಹೇಳಿದರು.

*

ಮೇ 5ರ ಸೋಮವಾರ ಸಂಜೆ ಐದೂವರೆಗೆ ಸಂಧ್ಯಾಳ ಫೋನ್ ರಿಂಗಾಯಿತು. ಚನ್ನಗಿರಿಯ ಶಾಲೆಯಲ್ಲಿ ಅವಳ ಜೊತೆ ಪಾಠ ಮಾಡುತ್ತಿದ್ದ ಶಾಂತಲಾ. ಧ್ವನಿ ಬಹಳ ಸಣ್ಣಗಿತ್ತು.

"ಹೇಳಬಾರದಿತ್ತು ಕಣೆ. ಆದ್ರೂ ಬೇರೆಯವರ ಬಾಯಿಂದ ನಿಂಗೆ ಗೊತ್ತಾಗೋದು ಬೇಡ ಅಂತ..."

ವಿಷಯ ಇಷ್ಟು. ಆ ಬೆಳಿಗ್ಗೆ ಚನ್ನಗಿರಿಯ ಕೇಂದ್ರದಲ್ಲಿ ವಿನಯ್ ಕೂತಿದ್ದ. ಒಳಗೆ ಗೋಡೆಯ ಕಡೆಯ ಕುರ್ಚಿ ಖಾಲಿ ಇದ್ದರೂ ಬೀದಿಗೆ ಕಾಣುವ ಬೆಂಚಿನಲ್ಲಿ ಕೂತಿದ್ದನಂತೆ. ಆ ದಾರಿಯಲ್ಲಿ ಹೋಗುತ್ತಿದ್ದ ಶಾಂತಲಾಳ ಗಂಡ, ಪೈಪಿನ ಬಿಲ್ಲು ಕೊಡಲು ಬಂದಿರಬೇಕೆಂದುಕೊಂಡು, ಏನ್ರೀ ಇಲ್ಲಿ ಎಂದು ಕೇಳಿದ್ದ.

"ಅದಕ್ಕೆ ನಿಮ್ಮ ಯಜಮಾನ್ರು, 'ನಂಗೆ ಆರು ವರ್ಷದಿಂದ ಔಷಧಿ ನಡೀತೈತೆ' ಅಂದ್ರಂತೆ. 'ನನ್ನ ಹೆಂಡತಿಗೂ ಬೇಕಾಗಿತ್ತು, ನಾನು ಕೊಡಿಸ್ಲಿಲ್ಲ, ಆ ತಪ್ಪು ನಂದು' ಅಂತ. ಅಂಗಡಿ ಹುಡುಗ್ರು, ಆಟೋದವರು ಎಲ್ಲ ಕೇಳೋ ಹಂಗೆ ಹೇಳಿದ್ರಂತೆ. ನಮ್ಮ ಮನೆಯವರಿಗೆ ಏನು ಮಾತಾಡ್ಬೇಕೋ ಗೊತ್ತಾಗಿಲ್ಲ, ವಾಪಸ್ ಬಂದುಬಿಟ್ಟಿದಾರೆ."

ಸಂಧ್ಯಾ ಗೋಡೆಗೆ ಒರಗಿದಳು.

ಅವನು ತನಗೆ ಫೋನ್ ಮಾಡಿ ಹೇಳಿರಲಿಲ್ಲ. ಅವಳಿಗೆ ಗೊತ್ತಾಗಲಿ ಎಂದೂ ಮಾಡಿರಲಿಲ್ಲ. ಯಾವ ಜನಕ್ಕೆ ಹೆದರಿ ಅವಳನ್ನು ಬಲಿ ಕೊಟ್ಟಿದ್ದನೋ ಅದೇ ಜನರ ಮುಂದೆ ಕೂತಿದ್ದ.

"ಸಂಧ್ಯಾ... ಇದೀಯೇನೆ?"

"ಇದೀನಿ ಹೇಳು."

ಶಾಂತಲಾಳ ಧ್ವನಿ ಇನ್ನೂ ಇಳಿಯಿತು. "ಆ ಡಾಕ್ಟರು ಪ್ರತಿ ಸೋಮವಾರ ಬರ್ತಾರೇನೆ? ನಮ್ಮ ಅತ್ತೆಗೆ ಒಂದು ಸಲ... ಸುಮ್ನೆ ಕೇಳ್ದೆ."

ಎಷ್ಟು ಗಂಟೆಗೆ ಬರುತ್ತಾರೆ, ಟೋಕನ್ ಎಲ್ಲಿ ಕೊಡುತ್ತಾರೆ ಎಂಬುದನ್ನೆಲ್ಲ ಸಂಧ್ಯಾ ಅವಳಿಗೆ ಹೇಳಿದಳು. ಫೋನ್ ಇಟ್ಟ ಮೇಲೆ ಅತ್ತಳು. ಅದು ಸಿಟ್ಟಿನ ಅಳುವಾ, ಬೇರೆಯದಾ, ಅವಳಿಗೇ ಗೊತ್ತಾಗಲಿಲ್ಲ. ಬೆನಕಪ್ಪ ಬಾಗಿಲಲ್ಲಿ ನಿಂತು ನೋಡಿ, ಏನೂ ಕೇಳದೆ ಹಾಲು ಕಾಯಿಸಲು ಒಳಗೆ ಹೋದರು.

ಮುಂದಿನ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಅವಳು ಚನ್ನಗಿರಿಯಲ್ಲಿ ಇಳಿದಳು. ಮಾಸ್ಕ್ ಹಾಕಿರಲಿಲ್ಲ. ವಿನಯ್ ಅದೇ ಬೆಂಚಿನಲ್ಲಿದ್ದ. ಅವಳು ಪಕ್ಕದಲ್ಲಿ ಕೂತಾಗ ಅವನು ಎದ್ದು ನಿಂತುಬಿಟ್ಟ.

"ಕೂತ್ಕೊಳ್ರಿ," ಎಂದಳು.

ಎದುರಿನ ಬೇಕರಿಯವನು ಗಾಜಿನ ಹಿಂದಿನಿಂದ ನೋಡುತ್ತಿದ್ದ. ಬಸ್ಸಿಗೆ ಕಾಯುತ್ತಿದ್ದ ಇಬ್ಬರು ಹೆಂಗಸರು ಮಾತು ನಿಲ್ಲಿಸಿದರು.

"ಜನ ನೋಡ್ತಿದಾರೆ ಸಂಧ್ಯಾ. ನಿಂಗೆ ಕಷ್ಟ ಆಗ್ತೈತೆ."

"ನನ್ನ ಕಷ್ಟ ಜನ ಅಲ್ಲ," ಎಂದಳು ಅವಳು. "ನೀವು."

ಅವನ ಕಣ್ಣು ತುಂಬಿತು. ಒರೆಸಿಕೊಳ್ಳಲಿಲ್ಲ.

"ನಿನ್ನ ಮೇಲೆ ಪ್ರೀತಿ ಇಲ್ಲದೆ ಹಂಗೆ ಮಾಡ್ಲಿಲ್ಲ. ಪ್ರೀತಿ ಇದ್ದೂ ಮಾಡ್ದೆ. ಅದು ಇನ್ನೂ ಕೆಟ್ಟದ್ದು ಅಂತ ನಂಗೊತ್ತು."

"ನಂಗೂ ಗೊತ್ತು," ಎಂದಳು ಸಂಧ್ಯಾ. "ನಿಮ್ಮನ್ನ ಬಿಟ್ಟು ಇರಾಕೆ ಆಗ್ತಿಲ್ಲ. ನಂಬಾಕೂ ಆಗ್ತಿಲ್ಲ. ಎರಡೂ ಐತೆ."

"ನೀನು ಮನೆಗೆ ಬರೋವರೆಗೂ ಕಾಯ್ತೀನಿ."

"ಕಾಯ್ತಾ ಸುಮ್ನೆ ಕೂರಬೇಡ್ರಿ. ನೀವು ಸುಮ್ನೆ ಇದ್ರೇನೆ ನಂಗೆ ಭಯ. ಮಾತಾಡ್ರಿ."

"ಏನು ಮಾತಾಡ್ಲಿ?"

"ಬೆಳಿಗ್ಗೆ ತಿಂಡಿ ಏನು ತಿಂದ್ರಿ, ಅಲ್ಲಿಂದ ಶುರು ಮಾಡ್ರಿ."

"ತಿಂದಿಲ್ಲ," ಎಂದ ಅವನು. "ನೀನು?"

"ನಾನೂ ಇಲ್ಲ."

ಅಷ್ಟರಲ್ಲಿ ಕರಿಬಸಮ್ಮ ಕಿಟಕಿಯಿಂದ ಇಬ್ಬರನ್ನೂ ಒಟ್ಟಿಗೆ ಕರೆದಳು.

ಅಲ್ಲಿಂದ ಹದಿಮೂರು ಸೋಮವಾರ ಸಂಧ್ಯಾರಾಣಿ ಹೊನ್ನಾಳಿಯಿಂದ ಬಂದು ಮಸರತ್ ಮುಂದೆ ಗಂಡನ ಜೊತೆ ಕೂತಳು. ಪ್ರತಿ ಸಲವೂ ಮಧ್ಯಾಹ್ನ ಎರಡರ ಬಸ್ಸಿಗೆ ತವರಿಗೆ ಹಿಂತಿರುಗಿದಳು. ಹದಿನಾಲ್ಕನೆಯದು ಆಗಸ್ಟ್ 11. ಅಂದು ಅವಳು ಎರಡರ ಬಸ್ಸು ಹತ್ತಲಿಲ್ಲ.